ಆರು ವರ್ಷ ಪೀಪಾಯಿ ಮುಟ್ಟಬೇಡಿ: ಶಾತೊ-ಶಾಲೋಂ ವೈನ್ ತಯಾರಾಗುವ ಬಗೆ

ವೈನ್ ಮಾಡುವವರಿಗೆ ಗಾಳಿಯ ಭಯ. ಪೀಪಾಯಿಯಲ್ಲಿಟ್ಟ ವೈನ್ ಮರದ ಮೂಲಕ ಸ್ವಲ್ಪಸ್ವಲ್ಪವೇ ಆವಿಯಾಗಿ ತಗ್ಗುತ್ತದೆ. ತಗ್ಗಿದಷ್ಟನ್ನು ಮತ್ತೆ ತುಂಬಿಸುತ್ತಿರಬೇಕು ಎನ್ನುವುದು ಬಹುತೇಕ ಎಲ್ಲೆಡೆಯ ರೂಢಿ. ಸ್ವಿಟ್ಜರ್ಲೆಂಡ್ ಗಡಿಗೆ ಹತ್ತಿರದ, ಫ್ರಾನ್ಸಿನ ಜೂರಾ ಸೀಮೆಯವರು ‘ವ್ಯಾಂ ಜೋನ್’ ಎಂಬ ಹಳದಿ ವೈನಿಗಾಗಿ ಬೇಕೆಂದೇ ತುಂಬಿಸದೆ ಬಿಡುತ್ತಾರೆ. ಅದರಲ್ಲಿ ದೊಡ್ಡ ಹೆಸರು ಶಾತೊ-ಶಾಲೋಂ ಹಳ್ಳಿಯದು. ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ ಇದು. ಆದರೆ ಅವರು ಮಾಡುವ ಕ್ರಮ ತಿಳಿಯುವಂಥದ್ದು.

ಮೊದಲು ದ್ರಾಕ್ಷಿ

ಹಳ್ಳಿ ಇರುವುದು ಕಡಿದಾದ ಬಂಡೆಯ ನೆತ್ತಿಯಲ್ಲಿ, ತೋಟಗಳು ಕೆಳಗಿನ ಇಳಿಜಾರಿನಲ್ಲಿ. ಬೂದುಬಣ್ಣದ ಸುಣ್ಣಮಿಶ್ರಿತ ಜೇಡಿಮಣ್ಣು. ಸುತ್ತಲಿನ ಊರುಗಳೂ ಸೇರಿ ಸುಮಾರು 50 ಹೆಕ್ಟೇರ್, ಅಷ್ಟೇ. ತಳಿ ಒಂದೇ: ಸವಾನ್ಯಾಂ ಎಂಬ ಬಿಳಿ ದ್ರಾಕ್ಷಿ, ನಿಧಾನವಾಗಿ ಮಾಗುವಂಥದ್ದು. 1936ರಿಂದ ಶಾತೊ-ಶಾಲೋಂ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಕೊಯ್ಲಿಗೆ ಮುಂಚೆ ಒಂದು ಸಮಿತಿ ತೋಟ ಸುತ್ತಿ ಹಣ್ಣು ಪರೀಕ್ಷಿಸುತ್ತದೆ. 1974, 1980, 1984 ಮತ್ತು 2001ರಲ್ಲಿ ಫಸಲಿನ ಗುಣಮಟ್ಟ ಸಾಲದೆಂದು ಊರಿನವರು ಆ ಹೆಸರನ್ನೇ ಬಳಸಲಿಲ್ಲ. ಒಂದಿಡೀ ವರ್ಷ ಆ ಹೆಸರು ಬಿಡಲು ಗಟ್ಟಿ ಎದೆ ಬೇಕು.

ಹುದುಗು

ಇಲ್ಲಿ ವಿಶೇಷವೇನಿಲ್ಲ. ರಸ ಹಿಂಡಿ, ಸಿಹಿಯೆಲ್ಲ ಕರಗುವವರೆಗೆ ಮಾಮೂಲಿ ಬಿಳಿ ವೈನಿನಂತೆಯೇ ಹುದುಗಿಸುತ್ತಾರೆ.

ಪೀಪಾಯಿ, ಆಮೇಲೆ ಸುಮ್ಮನಿರುವುದು

ಹೆಚ್ಚಾಗಿ 228 ಲೀಟರಿನ, ಈಗಾಗಲೇ ಬಳಸಿದ ಓಕ್ ಪೀಪಾಯಿ. ಮೇಲೆ ಸ್ವಲ್ಪ ಜಾಗ ಬಿಟ್ಟು ವೈನ್ ಸುರಿದು ಮುಚ್ಚುತ್ತಾರೆ. ಕೆಲವು ತಿಂಗಳಲ್ಲಿ ಮೇಲ್ಮೈಯಲ್ಲಿ ಯೀಸ್ಟಿನ ತೆಳುಪೊರೆ ಕಟ್ಟುತ್ತದೆ. ಉಪ್ಪಿನಕಾಯಿ ಜಾಡಿಯಲ್ಲಿ ಬೂಷ್ಟು ಕಂಡರೆ ನಾವು ಹೌಹಾರುತ್ತೇವಲ್ಲ, ನೋಟಕ್ಕೆ ಹೆಚ್ಚುಕಡಿಮೆ ಹಾಗೆಯೇ. ಇಲ್ಲಿ ಮಾತ್ರ ಕಾವಲಿಗೆ ನಿಲ್ಲುವುದು ಆ ಪೊರೆಯೇ. ಅದು ಆಮ್ಲಜನಕವನ್ನು ತಾನು ಹೀರಿ, ವೈನ್ ವಿನೆಗರ್ ಆಗದಂತೆ ತಡೆಯುತ್ತದೆ. ಜೊತೆಗೆ ಆಲ್ಕೋಹಾಲನ್ನು ಸ್ವಲ್ಪ ತಿಂದು ಅಸಿಟಾಲ್ಡಿಹೈಡ್ ಬಿಡುತ್ತದೆ. ಅಕ್ರೋಟಿನ ವಾಸನೆ ಬರುವುದು ಹೀಗೆ. ವರ್ಷಗಳು ಕಳೆದಂತೆ ಸೊಟೊಲಾನ್ ಎಂಬ ಇನ್ನೊಂದು ವಸ್ತುವೂ ಕೂಡಿಕೊಳ್ಳುತ್ತದೆ. ನಮ್ಮ ಅಡುಗೆಮನೆಯ ಮೆಂತ್ಯದ ಘಮಕ್ಕೂ ಕಾರಣ ಅದೇ.

ಉಗ್ರಾಣ ಸದಾ ತಂಪಾಗಿರಬೇಕೆಂಬ ನಿಯಮವೂ ಇಲ್ಲಿ ನಡೆಯದು. ಗಾಳಿಯಾಡುವ, ಬೇಸಿಗೆ–ಚಳಿಗಾಲಗಳ ವ್ಯತ್ಯಾಸ ತಟ್ಟುವ ಕೋಣೆಗಳೇ ಬೇಕು. ಬೆಚ್ಚಗಿದ್ದಾಗ ಪೊರೆ ಚುರುಕಾಗುತ್ತದೆ, ಚಳಿಯಲ್ಲಿ ಮಂಕಾಗುತ್ತದೆ. ಸುಮ್ಮನಿರುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ: ಆಗಾಗ ಪೊರೆ ಕದಡದಂತೆ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಹುಳಿ ಏರುತ್ತಿರುವ ಪೀಪಾಯಿಯನ್ನು ಸಾಲಿನಿಂದ ಹೊರಗಿಡುತ್ತಾರೆ.

ಕಾನೂನಿನ ಪ್ರಕಾರ ಕೊಯ್ಲಿನ ನಂತರದ ಆರನೇ ವರ್ಷದ ಡಿಸೆಂಬರ್ 15ರವರೆಗೆ ಹಳೆಯಿಸಬೇಕು. ಅದರಲ್ಲಿ ಕನಿಷ್ಠ 60 ತಿಂಗಳು ಪೊರೆಯ ಕೆಳಗೆ. 2018ರ ಫಸಲು ಅಂಗಡಿಗೆ ಬಂದದ್ದು 2025ರಲ್ಲಿ.

ಬಾಟಲಿ

ಕುಳ್ಳಗೆ, ಅಗಲ ಭುಜದ ‘ಕ್ಲಾವ್ಲ್ಯಾಂ’ ಬಾಟಲಿಯಲ್ಲಿ 62 ಸೆಂಟಿಲೀಟರ್. ಒಂದು ಲೀಟರ್ ವೈನ್ ಇಷ್ಟು ಕಾಲದಲ್ಲಿ ಆವಿಯಾಗಿ ಉಳಿಯುವುದು ಅಷ್ಟೇ ಎನ್ನುತ್ತಾರೆ ಅಲ್ಲಿಯವರು. ಯುರೋಪಿನ ಮಾಮೂಲಿ ಅಳತೆಗಳಿಂದ ಈ ಬಾಟಲಿಗೆ ವಿನಾಯಿತಿಯಿದೆ.

ಗ್ಲಾಸಿಗೆ

ಫ್ರಿಜ್ಜಿನಿಂದ ನೇರ ತೆಗೆದು ಕೊಟ್ಟರೆ ಘಮವೆಲ್ಲ ಸತ್ತಹಾಗೆ. 15 ಡಿಗ್ರಿಯ ಆಸುಪಾಸು ಸರಿ. ಕೆಲವು ಗಂಟೆ ಮೊದಲೇ ಬಿರಡೆ ತೆಗೆದಿಡಿ. ಅಷ್ಟು ವರ್ಷ ಗಾಳಿಯೊಡನೆ ಬಾಳಿದ ವೈನಾದ್ದರಿಂದ ತೆರೆದ ಮೇಲೂ ವಾರಗಟ್ಟಲೆ ಕೆಡದು. ಜೊತೆಗೆ ಅದೇ ಸೀಮೆಯ ಕೋಂತೆ ಚೀಸ್, ಎಳೆಯದಲ್ಲ, ಚೆನ್ನಾಗಿ ಹಳೆಯದಾದದ್ದು. ಮಾಂಸ ತಿನ್ನುವವರಿಗೆ ಕೋಳಿ, ಕ್ರೀಮ್, ಗುಚ್ಚಿ ಅಣಬೆಯ ಸಾರಿದೆ. ಅದಕ್ಕೆ ಈ ವೈನನ್ನೇ ಸುರಿಯುವುದು ಅಲ್ಲಿನ ಪದ್ಧತಿ. ಬೆಲೆ ನೋಡಿದರೆ ಕೈ ನಡುಗುತ್ತದೆ. ಒಂದೆರಡು ಸೌಟು ಸಾಕು, ಒಲೆಯಿಂದ ಇಳಿಸುವ ಮುನ್ನ ಹಾಕಿ.