ಖಳನ ಲೆಕ್ಕದ ಪುಸ್ತಕ: ಮಾನವ ಕಳ್ಳಸಾಗಣೆಯ ಕಾದಂಬರಿ ಬರೆಯುವವರಿಗೆ

ಮಾನವ ಕಳ್ಳಸಾಗಣೆಯನ್ನು ಕುರಿತು ಕಾದಂಬರಿ ಬರೆಯುವವರು ಖಳನ ಮುಖ, ಮೀಸೆಗಳನ್ನು ಯೋಚಿಸುವ ಮುನ್ನ ಅವನ ಲೆಕ್ಕದ ಪುಸ್ತಕವನ್ನು ಬರೆದುಕೊಳ್ಳಬೇಕು. ಅವನು ಪಾವಗಡದ ಕಡೆಯವನೆಂದು ಇಟ್ಟುಕೊಳ್ಳೋಣ. ಮಳೆ ಕೈಕೊಟ್ಟು, ಶೇಂಗಾ ಬಿತ್ತಿದವರಿಗೆ ಬೀಜದ ದುಡ್ಡೂ ಹುಟ್ಟದ ವರ್ಷ ಕೇಳಿದೊಡನೆ ಮುಂಗಡ ಕೊಡುವವನು ಅವನೊಬ್ಬನೇ ಆಗಿರುವುದರಿಂದ, ಊರವರು ಅವನನ್ನು ಅಣ್ಣ ಎಂದು ಕರೆದು ಹಬ್ಬದೂಟಕ್ಕೆ ಕೂರಿಸುತ್ತಾರೆ. ಈ ನಂಬಿಕೆಯನ್ನು ಕಟ್ಟಲು ಎರಡು ಅಧ್ಯಾಯ ಹಿಡಿದರೂ ಹಿಡಿಯಲಿ. ಓದುಗರೂ ಒಮ್ಮೆ ಅವನನ್ನು ನಂಬಿರಬೇಕು.

ದುರಾಸೆಯನ್ನು ಸಣ್ಣ ಮೊತ್ತಗಳಲ್ಲಿ ತೋರಿಸಿ. ಕಥೆ 2023ರ ಜೂನ್ ನಂತರ ನಡೆಯುವುದಾದರೆ, ಸರ್ಕಾರಿ ಬಸ್ಸಿನಲ್ಲಿ ಅವನು ಕರೆದೊಯ್ಯುತ್ತಿರುವ ಹುಡುಗಿ ಆಧಾರ್ ಕಾರ್ಡ್ ತೋರಿಸಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಪಡೆಯುತ್ತಾಳೆ. "ಕಾರ್ಡು ನನ್ನತ್ರ ಇರ್ಲಿ ಕೊಡಮ್ಮ, ಎಲ್ಲಾದ್ರೂ ಕಳ್ಕಂಡ್‌ಬಿಟ್ಟೀಯ" ಎಂದು ಅವನು ಅದನ್ನು ಅಂಗಿಯ ಜೇಬಿಗಿಳಿಸುತ್ತಾನೆ. ಮಧುಗಿರಿಯಲ್ಲಿ ಟೀ, ಬನ್ನು ಕೊಡಿಸುತ್ತಾನೆ. ಅವಳು ಕಿಟಕಿಗೊರಗಿ ನಿದ್ದೆ ಹೋದ ಮೇಲೆ ಪುಸ್ತಕ ತೆಗೆದು, ಅವಳ ತಂದೆ ಪಡೆದ 20,000 ರೂಪಾಯಿಯ ಕೆಳಗೆ ಬನ್ನಿನ 25 ರೂಪಾಯಿಯನ್ನೂ, ಕೊಡದೇ ಇದ್ದ ಬಸ್ ಚಾರ್ಜನ್ನೂ ಸೇರಿಸುತ್ತಾನೆ. ಹತ್ತು ಪುಟ ಹೊಡೆತ ಬಡಿತ ಬರೆದರೂ ಈ ಎರಡು ಸಾಲಿನಷ್ಟು ಕ್ರೌರ್ಯ ಕಾಣುವುದಿಲ್ಲ. ಲೈಂಗಿಕ ಹಿಂಸೆಯನ್ನು ಬಿಡಿಬಿಡಿಯಾಗಿ ವರ್ಣಿಸುವುದಂತೂ ನೊಂದವಳನ್ನು ಇನ್ನೊಮ್ಮೆ ಎಲ್ಲರೆದುರು ನಿಲ್ಲಿಸಿದಂತೆ. ದಯವಿಟ್ಟು ಅದನ್ನು ಬಿಡಿ. ಖಳನ ಬಾಲ್ಯದ ಕಷ್ಟವನ್ನು ನೆಪವಾಗಿ ತರುವುದೂ ಬೇಡ.

ಸಿಕ್ಕಿಬಿದ್ದಾಗ ಅವನು ಹೇಳುವುದು ಒಂದೇ ಮಾತು: "ಅವ್ಳೇ ಒಪ್ಪಿ ಬಂದ್ಲು ಸಾರ್, ಅವರಪ್ಪನೇ ದುಡ್ಡು ಇಸ್ಕಂಡ." ಇಲ್ಲಿ ಕಾನೂನು ತಪ್ಪಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಪ್ರಕಾರ ಸಂತ್ರಸ್ತರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ಅವರ ಮೇಲೆ ಹಿಡಿತವಿರುವವರಿಗೆ ಹಣ ಕೊಟ್ಟು ಒಪ್ಪಿಸುವುದನ್ನು ಅಪರಾಧದ ದಾರಿಗಳಲ್ಲೊಂದೆಂದೇ ಆ ಸೆಕ್ಷನ್ ಹೆಸರಿಸುತ್ತದೆ. ಕರೆದೊಯ್ದವನಂತೆ ಆಶ್ರಯ ಕೊಟ್ಟವನೂ ಬರಮಾಡಿಕೊಂಡವನೂ ಅದರಡಿ ಬರುತ್ತಾರೆ. ಹುಡುಗಿಗೆ 18 ತುಂಬಿರದಿದ್ದರೆ ಕನಿಷ್ಠ ಶಿಕ್ಷೆ 10 ವರ್ಷ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಭಾರತೀಯ ದಂಡ ಸಂಹಿತೆಯ 370ನೇ ಸೆಕ್ಷನ್ ಬಳಸಿ.

ಹುಡುಗಿಯನ್ನು ಬರಿಯ ಅಳುವವಳನ್ನಾಗಿ ಮಾಡಬೇಡಿ. ಆ ಶೂನ್ಯ ಟಿಕೆಟ್ಟನ್ನು ಅವಳು ಮಡಚಿ ಪರ್ಸಿನಲ್ಲಿಟ್ಟುಕೊಂಡಿರಲಿ. ಪೊಲೀಸರು ಲೆಕ್ಕದ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿದ ದಿನ ಬಸ್ ಚಾರ್ಜಿನ ಸಾಲಿನ ಪಕ್ಕಕ್ಕೆ ಅದನ್ನು ಇಡುವವಳು ಅವಳೇ ಆಗಿರಲಿ.