ಹತ್ತು ಸೆಕೆಂಡಿನ ಟೈಟಲ್ ಸಾಂಗ್ ಕಟ್ಟುವ ಬಗೆ

ಧಾರಾವಾಹಿಗೆ ಟೈಟಲ್ ಸಾಂಗ್ ಬೇಕು ಅನ್ನುವವರು ಈಗಲೂ ಇದ್ದಾರೆ, ಆದರೆ ಹತ್ತು ಸೆಕೆಂಡಿನೊಳಗೆ ಮುಗಿಸಬೇಕು ಅನ್ನುತ್ತಾರೆ. ಜಾಹೀರಾತಿಗೆ ಜಾಗ ಬೇಕಾದಾಗ ಮೊದಲು ಕತ್ತರಿ ಬೀಳುವುದು ಹಾಡಿಗೇ. ಅಮೆರಿಕದಲ್ಲಿ ಒಂದು ಗಂಟೆಯ ಧಾರಾವಾಹಿಯಲ್ಲಿ 1960ರ ದಶಕದಲ್ಲಿ ಸುಮಾರು 50 ನಿಮಿಷ ಕಾರ್ಯಕ್ರಮವೇ ಇರುತ್ತಿತ್ತು. 2000ದ ದಶಕದಲ್ಲಿ ಅದು 42ರ ಆಸುಪಾಸಿಗೆ ಇಳಿಯಿತು. 2017ರಲ್ಲಿ ನೆಟ್‌ಫ್ಲಿಕ್ಸ್ ‘ಸ್ಕಿಪ್ ಇಂಟ್ರೋ’ ಗುಂಡಿ ತಂದ ಮೇಲೆ, ಉಳಿದಿದ್ದ ಹಾಡನ್ನೂ ನೋಡುಗರೇ ದಾಟಿಸತೊಡಗಿದರು.

ಒಂದು ನಿಮಿಷದ ಹಾಡು ಮಾಡಿ ಆಮೇಲೆ ಕತ್ತರಿಸಿದರೆ ಅದು ತುಂಡು ಹಾಡಿನಂತೆಯೇ ಕೇಳುತ್ತದೆ. ಹಾಗಾಗಿ ನಾನು ಮೊದಲು ಚಿಕ್ಕದನ್ನೇ ಕಟ್ಟುತ್ತೇನೆ, ಬೇಕಿದ್ದರೆ ಬೆಳೆಸುತ್ತೇನೆ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೋಗೆ ವೇಗ 100 ಬಿಪಿಎಂ, ಅಂದರೆ ನಿಮಿಷಕ್ಕೆ 100 ಬೀಟ್, ಇಡುತ್ತೇನೆ. ಆಗ ಒಂದು ಬೀಟ್ ಸರಿಯಾಗಿ 15 ಫ್ರೇಮ್, ನಾಲ್ಕು ಬೀಟಿನ ಒಂದು ಬಾರ್ 2.4 ಸೆಕೆಂಡ್, ನಾಲ್ಕು ಬಾರ್ 9.6 ಸೆಕೆಂಡ್. (24 ಫ್ರೇಮಿಗಾದರೆ 96 ಬಿಪಿಎಂ.) ಅದೇ 120 ಇಟ್ಟರೆ ಒಂದು ಬೀಟ್ ಹನ್ನೆರಡೂವರೆ ಫ್ರೇಮ್ ಆಗುತ್ತದೆ. ಎಡಿಟರ್ ಕತ್ತರಿಸುವುದು ಫ್ರೇಮಿನ ಗೆರೆಯಲ್ಲಿ. ಆ ಅರ್ಧ ಫ್ರೇಮಿಗೆ, ಅಂದರೆ 20 ಮಿಲಿಸೆಕೆಂಡಿಗೆ, ತಬಲಾ ಪೆಟ್ಟು ಎಡವಿದಂತೆ ಕೇಳುತ್ತದೆ.

ಮೊದಲ ಬಾರಿನಲ್ಲಿ ನಾಲ್ಕೈದು ಸ್ವರಗಳ ಒಂದು ಎಳೆ, ಕೊಳಲಿನಲ್ಲೋ ವೀಣೆಯಲ್ಲೋ. ಮೂರನೆಯದರಲ್ಲಿ ಅವೇ ಸ್ವರಗಳು ದನಿಯಲ್ಲಿ, ಧಾರಾವಾಹಿಯ ಹೆಸರಿನ ಜೊತೆ ಬರಬೇಕು. ಹಿಂದೆ ಪಲ್ಲವಿ ಒಂದೇ ಕಂತಿನಲ್ಲಿ ಎರಡು ಸಲ ಕಿವಿಗೆ ಬೀಳುತ್ತಿತ್ತು. ಈಗ ಆ ಮರುಕಳಿಕೆಯನ್ನು ಈ ಸಣ್ಣ ಜಾಗದಲ್ಲೇ ತುರುಕಬೇಕು. ಅತೀತ ಎಡುಪ್ಪಿನಲ್ಲಿ, ತಾಳಕ್ಕೆ ಮುಂಚೆ, ಸಾಲು ಎತ್ತಿಕೊಳ್ಳುವುದು ಕೇಳಲು ಚೆನ್ನ, ಆದರೆ ಆರಂಭದಲ್ಲೇ ಬೇಡ: ಬಾರಿನ ಗೆರೆಯಲ್ಲಿ ಕತ್ತರಿ ಬಿದ್ದರೆ ಮೊದಲ ಅಕ್ಷರವೇ ಹೋಗುತ್ತದೆ.

ಕೊನೆಯ ಸ್ವರವನ್ನು ನಾಲ್ಕನೇ ಬಾರಿನ ಮೂರನೇ ಬೀಟಿನಲ್ಲಿ ಮೀಟುತ್ತೇನೆ. ಅದು ಬೀಳುವುದು 8.4 ಸೆಕೆಂಡಿಗೆ, ರಿವರ್ಬ್ (ಸ್ವರದ ಹಿಂದೆ ಉಳಿಯುವ ಗುಂಗು) ಆರಲು ಹತ್ತನೇ ಸೆಕೆಂಡಿನವರೆಗೆ 1.6 ಸೆಕೆಂಡ್ ಉಳಿಯುತ್ತದೆ. ಎರಡೂವರೆ ಸೆಕೆಂಡಿನ ರಿವರ್ಬ್ ಹಾಕಿದರೆ ಬಾಗಿಲು ಬಡಿದಂತೆ ತಟ್ಟನೆ ನಿಲ್ಲುತ್ತದೆ. ಎಳೆಯನ್ನು ಬೇಸ್ ಗಿಟಾರಿಗೆ ಕೊಟ್ಟರೆ ಮೊಬೈಲ್ ಸ್ಪೀಕರಿನಲ್ಲಿ ಅದು ಇದ್ದೂ ಇಲ್ಲ.

ಪೂರ್ಣ ಹಾಡೇ ಬೇಕು ಅಂದರೆ 24 ಬಾರ್, 57.6 ಸೆಕೆಂಡ್: ನಾಲ್ಕು ಬಾರ್ ಆರಂಭ, ಎಂಟು ಪಲ್ಲವಿ, ಎಂಟು ಚರಣ, ಮತ್ತೆ ನಾಲ್ಕು ಪಲ್ಲವಿ. ನಿಜವಾದ ನಷ್ಟ ಆ ಚರಣದ್ದೇ. ಕಥೆ ಯಾರದ್ದು, ಯಾವ ಬೇಗೆಯದ್ದು ಅಂತ ಕವಿ ಹೇಳುತ್ತಿದ್ದದ್ದು ಅಲ್ಲಿ. ಹತ್ತು ಸೆಕೆಂಡಿನಲ್ಲಿ ಹೆಸರು ಕೂಗಬಹುದು, ಅಷ್ಟೇ.

ಕೊಡುವಾಗ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲುಗಳು. ದನಿ, ತಾಳವಾದ್ಯ, ಎಳೆ, ಪ್ಯಾಡ್ (ಹಿನ್ನೆಲೆಯಲ್ಲಿ ಹರಡಿ ನಿಲ್ಲುವ ಸ್ವರಗಳು) ಎಲ್ಲ ಬೇರೆಬೇರೆ. ದನಿಯಿಲ್ಲದ ಪ್ರತಿ ಕಡ್ಡಾಯ, ಏಕೆಂದರೆ ‘ಹಿಂದಿನ ಸಂಚಿಕೆಯಲ್ಲಿ’ ಮಾತು ಅದರ ಮೇಲೇ ಕೂರುತ್ತದೆ. ಭಾವುಕ ದೃಶ್ಯಗಳಿಗೆ ಅದೇ ಎಳೆಯನ್ನು 50 ಬಿಪಿಎಂನಲ್ಲಿ ಹೊಸದಾಗಿ ನುಡಿಸಿಯೇ ರೆಕಾರ್ಡ್ ಮಾಡುತ್ತೇನೆ. ಇದ್ದದ್ದನ್ನೇ ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿದರೆ ಗಮಕಗಳು ಜೋಲುತ್ತವೆ.