ಪೊಲೀಸ್ ಧಾರಾವಾಹಿಯ ಗನ್ನುಗಳು: ಪ್ರಾಪರ್ಟಿಯವನ ಅನುಭವ

ಕನ್ನಡದ ಒಂದು ಪೊಲೀಸ್ ಧಾರಾವಾಹಿಗೆ ಪ್ರಾಪರ್ಟಿ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಠಾಣೆಯ ಮೇಜು, ಫೈಲು, ಬೇಡಿ, ಲಾಠಿ, ವಾಕಿಟಾಕಿ ಎಲ್ಲವೂ ನನ್ನ ಲೆಕ್ಕಕ್ಕೇ ಸೇರಿದ್ದವು. ಆದರೆ ನೆಂಟರು ಸಿಕ್ಕಾಗ ಕೇಳುವುದು ಒಂದೇ ಪ್ರಶ್ನೆ: "ಆ ಗನ್ನು ನಿಜದ್ದಾ?" ಒಂದೂ ನಿಜದ್ದಲ್ಲ. ಫೈಬರ್, ಮರ, ರಬ್ಬರ್, ಕ್ಲೋಸಪ್‌ಗೆ ಅಂತ ಒಂದೆರಡು ಲೋಹದ ಡಮ್ಮಿ, ಅಷ್ಟೇ. ಗನ್ ಹೊಂದಿಸುವುದು ಸುಲಭ. ಬೇಡದ ಸೀನಿನಿಂದ ಗನ್ ತೆಗೆಸುವುದು ಕಷ್ಟ. ಸೆಟ್ಟಿನಲ್ಲಿ ನಾನು ಆಡಿದ ಜಗಳಗಳೆಲ್ಲ ಹೆಚ್ಚುಕಡಿಮೆ ಇದಕ್ಕೇ.

ಸ್ಕ್ರಿಪ್ಟಿನಲ್ಲಿ "ಪೊಲೀಸರು ಗನ್ ಹಿಡಿದು ಮನೆಯೊಳಗೆ ನುಗ್ಗುತ್ತಾರೆ" ಅಂತ ಒಂದು ಸಾಲು ಇರುತ್ತದೆ. ಯಾವ ಪೊಲೀಸರು? ನಮ್ಮ ಠಾಣೆಗಳಲ್ಲಿ ಕಾನ್‌ಸ್ಟೆಬಲ್ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಲಾಠಿ. ಪಿಸ್ತೂಲೋ ರಿವಾಲ್ವರೋ ಇರುವುದು ಪಿಎಸ್‌ಐ, ಇನ್‌ಸ್ಪೆಕ್ಟರ್ ಸೊಂಟದಲ್ಲಿ. ರೈಫಲ್ ಕಾಣಬೇಕಾದರೆ ಸಶಸ್ತ್ರ ಮೀಸಲು ಪಡೆಯವರೋ ಕೆಎಸ್‌ಆರ್‌ಪಿಯವರೋ (ಕರ್ನಾಟಕ ರಾಜ್ಯ ಮೀಸಲು ಪೊಲೀಸರು) ಬರಬೇಕು, ಇಲ್ಲವೇ ಅದು ಖಜಾನೆ ಕಾವಲಿನಂಥ ಗಾರ್ಡ್ ಡ್ಯೂಟಿ ಆಗಿರಬೇಕು. ಇದನ್ನೇ ನಾನು ಹೇಳಿದೆ.

"ಸರ್, ಕಾನ್‌ಸ್ಟೆಬಲ್‌ಗಳ ಕೈಲಿ ಪಿಸ್ತೂಲು ಯಾಕೆ?"

"ಇರ್ಲಿ ಬಿಡಪ್ಪಾ, ಫ್ರೇಮ್ ತುಂಬುತ್ತೆ."

ಫ್ರೇಮೇನೋ ತುಂಬುತ್ತದೆ. ಆದರೆ ಐದು ಜನರ ಕೈಯಲ್ಲಿ ಐದು ಗನ್ ಇದ್ದರೆ ನೋಡುವವರ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ನಾಲ್ಕು ಲಾಠಿ, ಒಂದು ಪಿಸ್ತೂಲು ಇಟ್ಟು ನೋಡಿ. ಎಲ್ಲರ ಗಮನವೂ ಆ ಒಂದು ಕೈಯ ಮೇಲೇ. ಹಾಗೆ ಒಂದು ಶಾಟ್ ತೆಗೆಸಿ ಮಾನಿಟರ್‌ನಲ್ಲಿ ತೋರಿಸಿದ ಮೇಲೆ ನಮ್ಮ ಡೈರೆಕ್ಟರು ಸ್ವಲ್ಪ ಮೆತ್ತಗಾದರು. ಪೂರ್ತಿ ಅಲ್ಲ.

ಯಾರಿಗೆ ಯಾವ ಗನ್ ಅನ್ನೋದು ಇನ್ನೊಂದು ತಕರಾರು. ನಮ್ಮ ಇನ್‌ಸ್ಪೆಕ್ಟರ್ ಪಾತ್ರಕ್ಕೆ ನಾನು ಆರಿಸಿದ್ದು 9 ಎಂಎಂ ಪಿಸ್ತೂಲಿನ ಡಮ್ಮಿ. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುವ, ಬ್ರೌನಿಂಗ್ ಹೈ-ಪವರ್ ವಿನ್ಯಾಸದ ಪಿಸ್ತೂಲು ಅದು. ಮ್ಯಾಗಜಿನ್‌ನಲ್ಲಿ, ಅಂದರೆ ಹಿಡಿಯೊಳಗೆ ಸಿಗಿಸುವ ಗುಂಡಿನ ಡಬ್ಬಿಯಲ್ಲಿ, 13 ಗುಂಡು. ಹಳೇ ಕಾಲದ ಅಧಿಕಾರಿಯ ಫ್ಲಾಶ್‌ಬ್ಯಾಕ್‌ಗೆ ಆರು ಗುಂಡಿನ .38 ರಿವಾಲ್ವರ್. ಚಾನೆಲ್ ಕಡೆಯವರಿಗೆ ಮಾತ್ರ ಹೀರೋ ಕೈಯಲ್ಲಿ ಗ್ಲಾಕ್ ಬೇಕು. ಸ್ಟೈಲಾಗಿ ಕಾಣುತ್ತದಂತೆ. ಆಗಲಿ ಅಂತ ಒಂದು ಗ್ಲಾಕ್ ಡಮ್ಮಿ ತಂದೆ. ಡೈಲಾಗ್ ಮುಗಿಸಿ ಹೆಬ್ಬೆರಳಲ್ಲಿ ಹ್ಯಾಮರ್ (ಗನ್ನಿನ ಹಿಂದಿರುವ ಪುಟ್ಟ ಸುತ್ತಿಗೆ) ಎಳೆಯೋದು ಹೀರೋಗಳಿಗೆ ಇಷ್ಟವಾದ ಆಟ, ಅಲ್ವಾ? ಗ್ಲಾಕ್‌ನಲ್ಲಿ ಹೊರಗೆ ಕಾಣುವ ಹ್ಯಾಮರೇ ಇಲ್ಲ. ಹೆಬ್ಬೆರಳು ಸುಮ್ನೆ ಗಾಳಿಯಲ್ಲಿ ಆಡಿತು. ನಮ್ಮ ಸೌಂಡ್‌ನವರು ಅದಕ್ಕೂ ಒಂದು "ಕ್ಲಿಕ್" ಸೇರಿಸಿದ್ದರು! ಮುಂದಿನ ಶೆಡ್ಯೂಲಿಗೆ 9 ಎಂಎಂ ವಾಪಸ್ ಬಂತು.

ರೈಫಲ್‌ಗಳ ಕಥೆ ಬೇರೆ. ಬಾಡಿಗೆಗೆ ಕೊಡುವವರ ಹತ್ತಿರ ಎಕೆ-47 ಡಮ್ಮಿ ಬೇಕಾದಷ್ಟು ಸಿಗುತ್ತದೆ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ .303 ಹುಡುಕಬೇಕು. ಉದ್ದ ಮರದ ಮೈ, ಬೋಲ್ಟ್ ಎಳೆದು ಒಂದೊಂದೇ ಗುಂಡು ಹೊಡೆಯುವ ರೈಫಲ್. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದೇ 2020ರ ಗಣರಾಜ್ಯೋತ್ಸವದಲ್ಲಿ. ಹಾಗಾಗಿ 1990ರ ದಶಕದ ಕಥೆಯಲ್ಲಿ ಖಜಾನೆ ಮುಂದೆ ನಿಂತ ಕಾವಲಿನವನ ಕೈಗೆ .303 ಕೊಟ್ಟರೆ ಯಾರೂ ಬೆರಳು ತೋರಿಸುವಂತಿಲ್ಲ. ನನಗೆ ಸಿಗದಿದ್ದಾಗ ಬಡಗಿಯೊಬ್ಬರ ಹತ್ತಿರ ಮರದಲ್ಲೇ ಮಾಡಿಸಿದೆ. ಇದರ ಅರ್ಧಕ್ಕಿಂತ ಜಾಸ್ತಿ ಭಾಗ ನಿಜದಲ್ಲೂ ಮರವೇ ಆದ್ದರಿಂದ ಕ್ಯಾಮೆರಾ ಹತ್ತಿರ ಹೋದರೂ ಮರ್ಯಾದೆ ಉಳಿಯಿತು.

ಫೈಬರ್ ಡಮ್ಮಿಯ ದೊಡ್ಡ ದೋಷ ಹೊಳಪು. ಅಂಗಡಿಯಿಂದ ಬರುವಾಗ ಹೊಸ ಚಪ್ಪಲಿಯ ಹಾಗೆ ಫಳಫಳ ಅನ್ನುತ್ತಿರುತ್ತದೆ. ನಾನು ಮಾಡುತ್ತಿದ್ದದ್ದು ಇಷ್ಟು: ನೀರು ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ಹೊಳಪಿಲ್ಲದ ಕಪ್ಪು ಸ್ಪ್ರೇ ಹೊಡೆದು, ಒಣಗಿದ ಮೇಲೆ ಪೆನ್ಸಿಲ್ ಕಡ್ಡಿಯ ಪುಡಿಯನ್ನು ಬಟ್ಟೆಯಲ್ಲಿ ತಿಕ್ಕುವುದು. ಗ್ರಾಫೈಟ್ ಆದ್ದರಿಂದ ಕಬ್ಬಿಣದ ಬಣ್ಣ ತಾನಾಗಿ ಬರುತ್ತದೆ. ಹೋಲ್‌ಸ್ಟರ್‌ಗೆ (ಸೊಂಟದ ಗನ್ ಚೀಲಕ್ಕೆ) ಉಜ್ಜುವ ಅಂಚುಗಳಲ್ಲಿ ಮಾತ್ರ ಸ್ವಲ್ಪ ಬೆಳ್ಳಿ ಬಣ್ಣ. ಜಾಸ್ತಿಯಾದರೆ ನಾಟಕದ ಕತ್ತಿ ಆಗುತ್ತದೆ.

ಆಮೇಲೆ ತೂಕ. ನಿಜವಾದ 9 ಎಂಎಂ ಪಿಸ್ತೂಲು ಖಾಲಿ ಇದ್ದಾಗಲೇ ಸುಮಾರು 900 ಗ್ರಾಂ ಇರುತ್ತದೆ. ಪೊಳ್ಳು ಫೈಬರ್ ಹಿಡಿದ ನಟನ ಮಣಿಕಟ್ಟು ಸುಳ್ಳು ಹೇಳಿಬಿಡುತ್ತದೆ, ಬೆರಳುಗಳಲ್ಲಿ ಬಿಗಿಯೇ ಇರುವುದಿಲ್ಲ. ಹಿಡಿಯೊಳಗೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ತುಂಬಿ, ಮೇಣ ಹುಯ್ದು ಮುಚ್ಚಿದೆ. ಫೈಟ್ ಸೀನಿಗೆ, ಬೀಳುವ ಸೀನಿಗೆ ಇದು ಬೇಡವೇ ಬೇಡ, ಹಲ್ಲು ಮುರಿಯುತ್ತದೆ. ಅಲ್ಲಿಗೆ ರಬ್ಬರ್. ಮುಚ್ಚಳ ಇರುವ ಹೋಲ್‌ಸ್ಟರ್ ಆದರೆ ಗನ್ನೇ ಬೇಕಿಲ್ಲ. ಹೊರಗೆ ಕಾಣುವ ಹಿಡಿಯಷ್ಟನ್ನು ಮರದಲ್ಲಿ ಮಾಡಿಸಿ, ಬಳೆ ಸಿಗಿಸಿ, ಲ್ಯಾನ್ಯಾರ್ಡ್ ಹಗ್ಗ ಕಟ್ಟಿದರೆ ಮುಗಿಯಿತು. ಆ ಹಗ್ಗವನ್ನು ಬಹಳ ಸೆಟ್ಟುಗಳಲ್ಲಿ ಮರೆತುಬಿಡುತ್ತಾರೆ. ಓಡುವಾಗ, ಕಿತ್ತಾಡುವಾಗ ಗನ್ ಕೈತಪ್ಪದಿರಲಿ ಅಂತ ಇರುವ ಹಗ್ಗ ಅದು, ಅಲಂಕಾರಕ್ಕಲ್ಲ.

ಹಿಡಿಯುವುದನ್ನು ಕಲಿಸಲು ನಿವೃತ್ತ ಆರ್‌ಎಸ್‌ಐ (ಮೀಸಲು ಪಡೆಯ ಸಬ್ ಇನ್‌ಸ್ಪೆಕ್ಟರ್) ಒಬ್ಬರನ್ನು ಕರೆಸಿದ್ದೆವು. ಅವರು ಮೊದಲ ಅರ್ಧ ಗಂಟೆ ಒಂದೇ ಮಾತು ಹೇಳಿದರು: "ಬೆರಳು ಹೊರಗಿಡಪ್ಪಾ." ಹೊಡೆಯುವ ತನಕ ತೋರುಬೆರಳು ಟ್ರಿಗರ್ ಗಾರ್ಡಿನ ಹೊರಗೆ ಚಾಚಿಕೊಂಡಿರಬೇಕು. ಎಡಗೈ ಹೆಬ್ಬೆರಳು ಪಿಸ್ತೂಲಿನ ಹಿಂದೆ ಬರಬಾರದು, ಗುಂಡು ಹಾರಿದಾಗ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಬಂದು ಬೆರಳನ್ನು ಸಿಗಿಯುತ್ತದೆ. ಜೊತೆಯವರ ಬೆನ್ನಿಗೆ ತುದಿ ತಿರುಗಿಸಿಕೊಂಡು ಓಡಬಾರದು. ಹುಡುಗರು ಇದೆಲ್ಲ ಬೇಗ ಕಲಿತರು. ಹೀರೋಗೆ ಮಾತ್ರ ಗನ್ ಅಡ್ಡ ಮಾಡಿ ಹಿಡಿಯುವ ಆಸೆ ಕೊನೆಯವರೆಗೂ ಹೋಗಲಿಲ್ಲ. ಆರ್‌ಎಸ್‌ಐ ಸಾಹೇಬರು ಒಂದು ದಿನ ತಣ್ಣಗೆ, "ಹಾಗೆ ಹಿಡಿದರೆ ನಮ್ಮಲ್ಲಿ ಗ್ರೌಂಡ್ ಸುತ್ತು ಹಾಕಿಸುತ್ತಿದ್ದೆವು ಸರ್" ಅಂದರು.

ಗುಂಡಿನ ಲೆಕ್ಕ ನನ್ನ ಡೈರಿಯಲ್ಲೇ ಇರುತ್ತಿತ್ತು. 13 ಗುಂಡಿನ ಪಿಸ್ತೂಲಿನಲ್ಲಿ 20 ಸಲ ಹೊಡೆಯಬೇಕಾದರೆ ನಡುವೆ ಮ್ಯಾಗಜಿನ್ ಬದಲಿಸುವ ಒಂದು ಶಾಟ್ ಬೇಕು. ನಿಜ ಹೇಳಬೇಕೆಂದರೆ ಆ ಶಾಟೇ ಚೆನ್ನಾಗಿರುತ್ತದೆ, ಏಕೆಂದರೆ ಹೀರೋ ಕೈ ಖಾಲಿ ಇರುವ ಕ್ಷಣ ಅದು. ಎಕೆ-47 ನಿಮಿಷಕ್ಕೆ ಸುಮಾರು 600 ಗುಂಡಿನ ವೇಗದಲ್ಲಿ ಉಗುಳುತ್ತದೆ, ಮ್ಯಾಗಜಿನ್‌ನಲ್ಲಿ ಇರುವುದು 30. ಲೆಕ್ಕ ಹಾಕಿ, ಮೂರು ಸೆಕೆಂಡಿಗೆ ಖಾಲಿ. ನಮ್ಮ ವಿಲನ್ ಒಂದು ಇಡೀ ಹಾಡಿನಷ್ಟು ಹೊತ್ತು ಹೊಡೆಯುತ್ತಿದ್ದ. ಎಡಿಟಿಂಗ್‌ನಲ್ಲಿ ಅದನ್ನು ಮೂರು ತುಂಡು ಮಾಡಿಸಿದೆ. ಇನ್ಸಾಸ್ ರೈಫಲ್‌ಗೂ ಬಡಬಡ ಅಂತ ನಿಲ್ಲದ ಸದ್ದು ಹಾಕಿದ್ದರು. ಅದು ಒಂದು ಸಲ ಒತ್ತಿದರೆ ಮೂರು ಗುಂಡಿಗೆ ನಿಲ್ಲುವ ರೈಫಲ್.

ಬ್ಲ್ಯಾಂಕ್ ಬಳಸೋಣ, ಹೊಗೆ ಬೆಂಕಿ ಚೆನ್ನಾಗಿ ಬರುತ್ತದೆ ಅಂತ ಒಮ್ಮೆ ಮಾತು ಬಂತು. ನಾನು ಒಪ್ಪಲೇ ಇಲ್ಲ. ಬ್ಲ್ಯಾಂಕ್ ಅಂದರೆ ಬುಲೆಟ್ ಇಲ್ಲದ ಮದ್ದು, ಅದರಿಂದ ಏನಾಗುತ್ತದೆ ಅಂದುಕೊಳ್ಳುವವರೇ ಜಾಸ್ತಿ. 1984ರಲ್ಲಿ ಅಮೆರಿಕದ ಟಿವಿ ನಟ ಜಾನ್-ಎರಿಕ್ ಹೆಕ್ಸಮ್ ಸೆಟ್ಟಿನಲ್ಲಿ ತಮಾಷೆಗೆ ಬ್ಲ್ಯಾಂಕ್ ತುಂಬಿದ ರಿವಾಲ್ವರನ್ನು ತಲೆಗಿಟ್ಟು ಒತ್ತಿದರು. ಬುಲೆಟ್ ಇರಲಿಲ್ಲ. ಸ್ಫೋಟದ ಒತ್ತಡಕ್ಕೇ ತಲೆಬುರುಡೆ ಒಡೆಯಿತು, ಕೆಲವು ದಿನಗಳಲ್ಲಿ ತೀರಿಕೊಂಡರು. 1993ರಲ್ಲಿ ಬ್ರೂಸ್ ಲೀ ಮಗ ಬ್ರ್ಯಾಂಡನ್ ಲೀ ಸತ್ತಿದ್ದು ನಳಿಗೆಯಲ್ಲಿ ಮೊದಲೇ ಸಿಕ್ಕಿಕೊಂಡಿದ್ದ ಬುಲೆಟ್ ತುಂಡನ್ನು ಬ್ಲ್ಯಾಂಕ್ ಹೊರಗೆ ತಳ್ಳಿದ್ದರಿಂದ. 2021ರ ಅಕ್ಟೋಬರ್‌ನಲ್ಲಿ ನ್ಯೂ ಮೆಕ್ಸಿಕೋದ ಸಿನಿಮಾ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಗುಂಡಿಗೆ ಬಲಿಯಾದರು. ಅದಾದ ಕೂಡಲೇ ಅಮೆರಿಕದ ಪೊಲೀಸ್ ಧಾರಾವಾಹಿ "ದಿ ರೂಕಿ"ಯ ತಂಡ ಬ್ಲ್ಯಾಂಕ್ ಹೊಡೆಯುವ ನಿಜ ಗನ್ನುಗಳನ್ನು ಸೆಟ್ಟಿನಿಂದಲೇ ತೆಗೆದುಹಾಕಿತು. ಇನ್ನು ಏರ್‌ಸಾಫ್ಟ್ ಗನ್ (ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್) ಮಾತ್ರ, ಬೆಂಕಿಯನ್ನು ಕಂಪ್ಯೂಟರ್‌ನಲ್ಲಿ ಸೇರಿಸುತ್ತೇವೆ ಅಂದರು. ಅಷ್ಟು ದುಡ್ಡಿರುವವರೇ ಹಾಗೆ ಮಾಡುವಾಗ ನಮಗೆ ಯಾಕಪ್ಪಾ ಶೋಕಿ?

ಕಂಪ್ಯೂಟರ್ ಬೆಂಕಿಯೂ ಸುಲಭ. ನಮ್ಮ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ನಳಿಗೆಯ ಬೆಂಕಿ ಒಂದೇ ಫ್ರೇಮಿನಲ್ಲಿ ಇದ್ದರೆ ಸಾಕು, ಎರಡಾದರೆ ದೀಪಾವಳಿ. ನಿಜದ ಬ್ಲ್ಯಾಂಕ್ ಹೊಡೆದರೂ ಎಷ್ಟೋ ಸಲ ಬೆಂಕಿ ಎರಡು ಫ್ರೇಮಿನ ಮಧ್ಯೆ ಬಿದ್ದು ಕಾಣುವುದೇ ಇಲ್ಲ. ನಟನ ಕೈ ಸ್ವಲ್ಪ ಮೇಲಕ್ಕೆ ಒದೆಯಬೇಕು, ಕಣ್ಣು ಮುಚ್ಚಬಾರದು. ಅದೆರಡನ್ನು ಅಭ್ಯಾಸ ಮಾಡಿಸಿದರೆ ಉಳಿದದ್ದು ಎಡಿಟರ್ ಕೆಲಸ.

ನನಗೆ ತೀರಾ ತಲೆಕೆಡಿಸಿದ ಸೀನು ಎನ್‌ಕೌಂಟರ್‌ದು. ಪೇಪರ್ ಓದುವ ಎಲ್ಲರಿಗೂ ಆ ಸಾಲು ಬಾಯಿಪಾಠ: ಪೊಲೀಸರ ಮೇಲೆ ಹಲ್ಲೆ, ಗಾಳಿಯಲ್ಲಿ ಗುಂಡು, ಶರಣಾಗುವಂತೆ ಎಚ್ಚರಿಕೆ, ಆಮೇಲೆ ಕಾಲಿಗೆ. ನಮ್ಮ ಕಥೆಯಲ್ಲಿ ಆರೋಪಿ ಸಾಯುತ್ತಾನೆ. ಮರುದಿನವೇ ಇನ್‌ಸ್ಪೆಕ್ಟರ್ ಅದೇ ಪಿಸ್ತೂಲು ಸಿಗಿಸಿಕೊಂಡು ಮುಂದಿನ ಕೇಸಿಗೆ ಹೊರಡುತ್ತಾನೆ. ಹಾಗಾಗುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ ಎಫ್‌ಐಆರ್ ಆಗಬೇಕು, ಸಿಐಡಿಯೋ ಬೇರೆ ಠಾಣೆಯವರೋ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು ಅಂತಿದೆ. ಅಧಿಕಾರಿ ತನ್ನ ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು ಅಂತಲೂ ಇದೆ. ಇದನ್ನು ಬರೆದು ಲೇಖಕರ ಕೈಗೆ ಕೊಟ್ಟೆ. ಅವರು ಓದಿ, "ಇದೇ ಒಂದು ವಾರದ ಎಪಿಸೋಡು ಕಣ್ರೀ" ಅಂದರು.

ಹೀಗೆ ಹೀರೋ ಪಿಸ್ತೂಲು ಬಿಚ್ಚಿ ಮೇಜಿನ ಮೇಲಿಟ್ಟು, ಬಟ್ಟೆಯಲ್ಲಿ ಸುತ್ತಿ ಸೀಲ್ ಮಾಡಿಸುವ ಸೀನು ಬಂತು. ಸ್ಥಳ ಮಹಜರಿಗೆ ಲೇತ್‌ನಲ್ಲಿ ಹಿತ್ತಾಳೆಯ ಖಾಲಿ ತೋಟಾ ಮಾಡಿಸಿದ್ದೆ. ಪಿಸ್ತೂಲು ತೋಟಾ ಹೊರಗೆ ಎಸೆಯುತ್ತದೆ, ಆದ್ದರಿಂದ ನೆಲದ ಮೇಲೆ ಸುಣ್ಣದ ವೃತ್ತಗಳು. ರಿವಾಲ್ವರ್ ಆಗಿದ್ದರೆ ತೋಟಾ ಒಳಗೇ ಉಳಿಯುತ್ತಿತ್ತು, ವೃತ್ತ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಅಲ್ಲಿಂದ ಮುಂದೆ ಕೆಲವು ಎಪಿಸೋಡು ಇನ್‌ಸ್ಪೆಕ್ಟರ್ ಸೊಂಟದಲ್ಲಿ ಖಾಲಿ ಹೋಲ್‌ಸ್ಟರ್. ಚಾನೆಲ್‌ನವರು ಗೊಣಗಿದರು. ನೋಡುವವರು ಗೊಣಗಲಿಲ್ಲ.

ರಸ್ತೆಯಲ್ಲಿ ಶೂಟಿಂಗ್ ಇದ್ದರೆ ಇನ್ನೊಂದು ಕಟ್ಟುನಿಟ್ಟು. ಹತ್ತಿರದ ಠಾಣೆಗೆ ಮೊದಲೇ ಪತ್ರ ಕೊಟ್ಟು, ಎಷ್ಟು ಡಮ್ಮಿ ತರುತ್ತೇವೆ ಅಂತ ಬರೆದುಕೊಡುತ್ತಿದ್ದೆ. 2024ರಲ್ಲಿ ಬೆಂಗಳೂರಿನಲ್ಲಿ ರೀಲ್ಸ್‌ಗೆ ಅಂತ ನಕಲಿ ಎಕೆ-47 ಹಿಡಿದು ಓಡಾಡಿದವರನ್ನು ಪೊಲೀಸರು ಬಂಧಿಸಿದ್ದು ನೆನಪಿರಬಹುದು. ದೂರದಿಂದ ನೋಡುವ ಜನಕ್ಕೆ ಅದು ಫೈಬರೋ ಕಬ್ಬಿಣವೋ ಹೇಗೆ ಗೊತ್ತಾಗಬೇಕು? ಶಾಟ್ ಮುಗಿದ ಕೂಡಲೇ ಗನ್ ಪೆಟ್ಟಿಗೆಗೆ ವಾಪಸ್. ಟೀ ಅಂಗಡಿಗೆ ಗನ್ ಸಿಗಿಸಿಕೊಂಡು ಹೋಗಿ ಸೆಲ್ಫಿ ತೆಗೆಸಿಕೊಳ್ಳುವ ಜೂನಿಯರ್ ಆರ್ಟಿಸ್ಟ್‌ಗಳ ಹಿಂದೆ ಓಡುವುದೂ ನನ್ನ ಕೆಲಸವೇ ಆಗಿತ್ತು.

ಈ ಕೆಲಸಕ್ಕೆ ಹೊಸದಾಗಿ ಬರುವವರು ಬಾಡಿಗೆ ಬಿಲ್ಲಿನ ಮೇಲೆ "ಡಮ್ಮಿ" ಅಂತ ದೊಡ್ಡದಾಗಿ ಬರೆಸಿಕೊಳ್ಳಿ, ಬಿಲ್ಲು ಪೆಟ್ಟಿಗೆಯೊಳಗೇ ಇರಲಿ. ಚುನಾವಣೆ ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಊರೂರಿಗೂ ಚೆಕ್‌ಪೋಸ್ಟ್ ಇರುತ್ತದೆ. ರಾತ್ರಿ ಶೂಟಿಂಗ್ ಮುಗಿಸಿ ಬರುವ ಟೆಂಪೋದ ಪೆಟ್ಟಿಗೆ ತೆಗೆದರೆ ಮೇಲೇ ಎರಡು ಎಕೆ-47 ಕಾಣುತ್ತದೆ. ಆಗ ಬಾಯಿಮಾತು ನಡೆಯುವುದಿಲ್ಲ.